1894 ಎಂದು ಅಚ್ಚಾಗಿದ್ದರೆ ಸಾಲದು

ಅಜ್ಜನ ಕಾಲದ ಮನೆ ಕೆಡವುವ ಮುನ್ನ ಅಟ್ಟ ಖಾಲಿ ಮಾಡುವಾಗ ಒಂದು ದಪ್ಪ ಪುಸ್ತಕ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಧೂಳು ಒರೆಸಿ ರಟ್ಟು ತೆರೆದರೆ ರೆವರೆಂಡ್ ಎಫ್. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಕೆಳಗೆ ಮಂಗಳೂರು, ಬಾಸೆಲ್ ಮಿಶನ್, 1894. ಮನೆಯವರ ಕಣ್ಣು ಅರಳುತ್ತದೆ. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ‘ಎಷ್ಟು ಬೆಲೆ ಬಾಳಬಹುದು?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಪ್ರತಿ ನಿಜಕ್ಕೂ 1894ರಲ್ಲಿ ಅಚ್ಚಾದದ್ದೇ?

ಕಿಟ್ಟೆಲ್ ನಿಘಂಟು ಒಂದಕ್ಕಿಂತ ಹೆಚ್ಚು ರೂಪದಲ್ಲಿ ಓಡಾಡಿದೆ. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಮೂಲ ಮಂಗಳೂರಿನಲ್ಲಿ ಅಚ್ಚಾಯಿತು. ಮದರಾಸು ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕಾರ ಮಾಡಿಸಿ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಅದನ್ನು ಮೂಲವೆಂದು ತಪ್ಪು ತಿಳಿಯುವ ಭಯವಿಲ್ಲ, ನೋಡಿದೊಡನೆ ವ್ಯತ್ಯಾಸ ಗೊತ್ತಾಗುತ್ತದೆ. ತೊಡಕಿರುವುದು ಮೂರನೆಯದರಲ್ಲಿ. ಮೂಲದ ಪುಟಗಳನ್ನೇ ಫೋಟೋ ತೆಗೆದು ದೆಹಲಿಯಲ್ಲಿ ಮರುಮುದ್ರಿಸಿದ ಪ್ರತಿಗಳವು. ಮೂಲದ ಅಕ್ಷರ, ಮೂಲದ ಪುಟಸಂಖ್ಯೆ, ಮೂಲದ 1894 ಎಲ್ಲವೂ ಅವುಗಳಲ್ಲಿ ಇದ್ದಂತೆಯೇ ಇವೆ. ಮರುಮುದ್ರಣವೆಂದು ಹೇಳುವ ಒಂದು ಹಾಳೆ ಕಿತ್ತುಹೋಗಿದ್ದರೆ, ಅಥವಾ ಯಾರಾದರೂ ಬೇಕೆಂದೇ ಕಿತ್ತಿದ್ದರೆ, ವರ್ಷವನ್ನು ಮಾತ್ರ ನೋಡುವ ಕಣ್ಣು ಮೋಸಹೋಗುತ್ತದೆ.

ಅಲ್ಲಿ ನೆರವಿಗೆ ಬರುವುದು ಬೆರಳು. 1894ರ ಪುಸ್ತಕ ಸೀಸದ ಮೊಳೆಗಳಿಂದ ಅಚ್ಚಾದದ್ದು. ಮಸಿ ಬಳಿದ ಮೊಳೆಯನ್ನು ಯಂತ್ರ ಕಾಗದಕ್ಕೆ ಒತ್ತುತ್ತಿತ್ತು, ಒತ್ತಿದಲ್ಲಿ ಕಾಗದ ಕೂದಲೆಳೆಯಷ್ಟು ತಗ್ಗುತ್ತಿತ್ತು. ಹಾಳೆಯ ಹಿಂಬದಿಯನ್ನು ಬೆರಳ ತುದಿಯಿಂದ ಸವರಿದರೆ ಆ ಒತ್ತು ಸಣ್ಣ ಉಬ್ಬಾಗಿ ತಿಳಿಯುತ್ತದೆ. ಸಂಜೆ ಕಿಟಕಿಯ ಪಕ್ಕ ಹಾಳೆಯನ್ನು ಓರೆಯಾಗಿ ಹಿಡಿದರೆ ಒತ್ತಿದ ಅಕ್ಷರಗಳ ನೆರಳೂ ಕಾಣುತ್ತದೆ. ಭೂತಗನ್ನಡಿ ಇಟ್ಟು ನೋಡಿದರೆ ಅಕ್ಷರದ ಅಂಚಿನಲ್ಲಿ ಮಸಿ ಒತ್ತರಿಸಿ ನಿಂತು ತೆಳ್ಳನೆಯ ಕಪ್ಪು ಗೆರೆಯಾಗಿರುತ್ತದೆ. ಆಫ್‌ಸೆಟ್ ಮರುಮುದ್ರಣದಲ್ಲಿ ಇದ್ಯಾವುದೂ ಇರುವುದಿಲ್ಲ. ಅಕ್ಷರ ಹಾಳೆಯ ಮೇಲೆ ಸಪಾಟಾಗಿ ಮಲಗಿರುತ್ತದೆ, ಮೂಲ ಪ್ರತಿಯ ಕಲೆಯೂ ಗೀರೂ ಅಕ್ಷರದಷ್ಟೇ ಕಪ್ಪಾಗಿ ಅಚ್ಚಾಗಿರುತ್ತದೆ. ಇನ್ನೊಂದು ಸಣ್ಣ ಗುರುತೂ ಇದೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ. 1894ರ ಪುಸ್ತಕದಲ್ಲಿ ಅವರು ಬರಿಯ ರೆವರೆಂಡ್.

ಆದರೆ ಬೆರಳಿನ ಪರೀಕ್ಷೆಯನ್ನು ಕಣ್ಣುಮುಚ್ಚಿ ಎಲ್ಲ ಪುಸ್ತಕಕ್ಕೂ ಅನ್ವಯಿಸುವಂತಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯೂ ಕಲ್ಲಚ್ಚಿನದೇ. ನುಣ್ಣನೆಯ ಕಲ್ಲಿನ ಮೇಲೆ ಬರೆದು ಅದರಿಂದ ಪಡಿಯಚ್ಚು ತೆಗೆಯುವಾಗ ಕಾಗದ ತಗ್ಗುವುದಿಲ್ಲ. ಹಾಗಾಗಿ ಆ ಕಾಲದ ಮಂಗಳೂರಿನ ಕಲ್ಲಚ್ಚಿನ ಹಾಳೆಯೆಂದು ಯಾರಾದರೂ ತೋರಿಸಿದ್ದು ಮೊಳೆಯ ಒತ್ತಿನಿಂದ ಉಬ್ಬಿದ್ದರೆ ಅನುಮಾನಪಡಬೇಕು. ಯಾವ ಅಚ್ಚುಕೂಟ ಯಾವ ವರ್ಷ ಹೇಗೆ ಅಚ್ಚು ಹಾಕುತ್ತಿತ್ತು ಎಂಬ ತಿಳಿವಳಿಕೆ ಇಲ್ಲದಿದ್ದರೆ ಬೆರಳು ಹೇಳಿದ್ದು ಅರ್ಥವಾಗುವುದಿಲ್ಲ.

ಈ ತಿಳಿವಳಿಕೆಯನ್ನು ಕನ್ನಡ ಪುಸ್ತಕಲೋಕ ತೀರಾ ಅಸಡ್ಡೆಯಿಂದ ಕಂಡಿದೆ. ಮೊದಲ ಮುದ್ರಣವೆಂದರೆ ಸಿರಿವಂತರ ಹವ್ಯಾಸ, ಹರಾಜಿನ ಸರಕು ಎಂಬ ಭಾವನೆ ಬೇರೂರಿದೆ. ಓದಲು ಯಾವ ಪ್ರತಿಯಾದರೇನು ಎಂಬ ಮಾತಂತೂ ಗ್ರಂಥಾಲಯಗಳಲ್ಲೇ ಕೇಳಿಬರುತ್ತದೆ.

ಯಾವ ಪ್ರತಿಯಾದರೂ ಸಾಲದು ಎಂಬುದಕ್ಕೆ ಡಾರ್ವಿನ್ನನ ‘ಆನ್ ದಿ ಆರಿಜಿನ್ ಆಫ್ ಸ್ಪೀಶೀಸ್’ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1859ರ ನವೆಂಬರ್ 24ರಂದು ಲಂಡನ್ನಿನ ಜಾನ್ ಮರ್‍ರೆ ಅದನ್ನು ಹೊರತಂದಾಗ ಅಚ್ಚಾದದ್ದು 1,250 ಪ್ರತಿ. ಅದರ 20ನೆಯ ಪುಟದಲ್ಲಿ ‘ಸ್ಪೀಶೀಸ್’ ಎಂಬ ಪದದಲ್ಲೇ ಒಂದು ಇಂಗ್ಲಿಷ್ ಅಕ್ಷರ ಹೆಚ್ಚು ಬಿದ್ದಿದೆ. ಸಂಗ್ರಾಹಕರು ಮೊದಲು ತೆರೆಯುವುದು ಆ ಪುಟವನ್ನೇ. ವಿದ್ವಾಂಸರಿಗೆ ಬೇಕಾದದ್ದು ಮಾತ್ರ ಬೇರೆಡೆ ಇದೆ. 1860ರ ಜನವರಿಯಲ್ಲೇ ಬಂದ ಎರಡನೆಯ ಆವೃತ್ತಿಯ ಕೊನೆಯ ವಾಕ್ಯಕ್ಕೆ ಡಾರ್ವಿನ್ ಸೃಷ್ಟಿಕರ್ತನ ಹೆಸರು ಸೇರಿಸಿದ. ಯೋಗ್ಯವಾದದ್ದು ಉಳಿಯುತ್ತದೆ ಎಂಬ, ಇಂದು ಎಲ್ಲರ ಬಾಯಲ್ಲಿರುವ ಮಾತು 1869ರ ಐದನೆಯ ಆವೃತ್ತಿಯಲ್ಲಿ ಬಂತು. ‘ಎವಲ್ಯೂಶನ್’ ಎಂಬ ಪದ ಕಾಣಿಸಿಕೊಂಡದ್ದು 1872ರ ಆರನೆಯದರಲ್ಲಿ. ಡಾರ್ವಿನ್ 1859ರಲ್ಲಿ ಏನು ಹೇಳಿದ, ಟೀಕೆ ಕೇಳಿದ ಮೇಲೆ ಏನು ಬದಲಿಸಿದ ಎಂದು ತಿಳಿಯಬೇಕಾದರೆ ಮೊದಲನೆಯದೂ ಬೇಕು, ಆರನೆಯದೂ ಬೇಕು. ಯಾವುದು ಯಾವುದೆಂದು ಗೊತ್ತಿರಲೂಬೇಕು.

ಹಾಗಾದರೆ ಮೊದಲ ಮುದ್ರಣವೆಂದರೆ ಯಾವುದು? ಕನ್ನಡದಲ್ಲಿ ಆವೃತ್ತಿ ಮತ್ತು ಮುದ್ರಣ ಎಂಬ ಎರಡೂ ಪದಗಳಿವೆ. ಪ್ರಕಾಶಕರು ಮಾತ್ರ ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತಾರೆ. ಒಮ್ಮೆ ಜೋಡಿಸಿದ ಅಕ್ಷರಗಳಿಂದ ಎಷ್ಟು ಸಲ ಅಚ್ಚು ಹಾಕಿದರೂ ಅದು ಒಂದೇ ಆವೃತ್ತಿ. ಒಂದೊಂದು ಸಲ ಯಂತ್ರಕ್ಕೆ ಏರಿಸಿದ್ದೂ ಒಂದೊಂದು ಮುದ್ರಣ. ಮೊಳೆಯ ಕಾಲದಲ್ಲಿ ಈ ಭೇದಕ್ಕೆ ಗಟ್ಟಿಯಾದ ಕಾರಣವಿತ್ತು. ಸಣ್ಣ ಅಚ್ಚುಕೂಟಗಳಲ್ಲಿ ಸೀಸ ಕಡಿಮೆ, ಅದರಲ್ಲೂ ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ಬಗೆಯ ಮೊಳೆ ಬೇಕು. ಒಂದು ಫಾರಂ ಅಚ್ಚಾದ ಕೂಡಲೇ ಮೊಳೆಗಳನ್ನು ಕಳಚಿ ಮತ್ತೆ ಮೊಳೆಪೆಟ್ಟಿಗೆಯ ಮನೆಗಳಿಗೆ ತುಂಬಿ ಮುಂದಿನ ಫಾರಮ್ಮಿಗೆ ಬಳಸುತ್ತಿದ್ದರು. ಹೀಗಾಗಿ ಪುಸ್ತಕ ಖರ್ಚಾಗಿ ಮತ್ತೆ ಬೇಕೆಂದರೆ ಮೊದಲ ಅಕ್ಷರದಿಂದ ಪುನಃ ಜೋಡಿಸಬೇಕಾಗುತ್ತಿತ್ತು. ಹಳೆಯ ತಪ್ಪು ಕೆಲವು ಹೋಗುತ್ತಿದ್ದವು, ಹೊಸ ತಪ್ಪು ಕೆಲವು ಬರುತ್ತಿದ್ದವು. ಕೊನೆಯ ಪುಟದ ತಪ್ಪು-ಒಪ್ಪುಗಳ ಪಟ್ಟಿ ಮೊದಲ ಸಲದ್ದರಲ್ಲಿದ್ದು ಎರಡನೆಯದರಲ್ಲಿ ಮಾಯವಾಗಿದ್ದರೆ, ಕರಡು ತಿದ್ದಿದವರು ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದರೆಂದು ಊಹಿಸಬಹುದು.

ಹೊಸ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೊಂದು ಸುಲಭದ ಉಪಾಯವಿದೆ. ಹಕ್ಕುಗಳ ಪುಟದ ಕೆಳಗೆ 10ರಿಂದ 1ರವರೆಗಿನ ಅಂಕಿಗಳ ಸಾಲು. ಎರಡನೆಯ ಮುದ್ರಣಕ್ಕೆ 1 ಅಳಿಸುತ್ತಾರೆ, ಮೂರನೆಯದಕ್ಕೆ 2. ಅಚ್ಚಿನ ಫಲಕಕ್ಕೆ ಹೊಸದಾಗಿ ಸೇರಿಸುವುದಕ್ಕಿಂತ ಇದ್ದದ್ದನ್ನು ಅಳಿಸುವುದು ಸುಲಭವೆಂದು ಹುಟ್ಟಿದ ಪದ್ಧತಿ ಇದು. 1997ರ ಮೊದಲ ಹ್ಯಾರಿ ಪಾಟರ್‌ನ ಗಟ್ಟಿರಟ್ಟಿನ ಮೊದಲ ಮುದ್ರಣ 500 ಪ್ರತಿ. ಅದರಲ್ಲಿ ಈ ಸಾಲು 1ರವರೆಗೂ ಇರಬೇಕು, 53ನೆಯ ಪುಟದಲ್ಲಿ ಶಾಲೆಗೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿರಬೇಕು. ಮಂತ್ರದಂಡದ ತಪ್ಪು ಮುಂದಿನ ಕೆಲವು ಮುದ್ರಣಗಳಲ್ಲೂ ನುಸುಳಿರುವುದರಿಂದ ಅದೊಂದನ್ನೇ ಹಿಡಿದು ಕೊಂಡವರು ಕೈಸುಟ್ಟುಕೊಳ್ಳುತ್ತಾರೆ. ಗುರುತುಗಳೆಲ್ಲ ಒಂದೇ ಪ್ರತಿಯಲ್ಲಿ ಒಟ್ಟಿಗೆ ಸೇರಿರಬೇಕು.

ಭಾರತದ ಮನೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಇಂಗ್ಲಿಷ್ ‘ಗೀತಾಂಜಲಿ’. ಮ್ಯಾಕ್‌ಮಿಲನ್ ಕಂಪನಿಯ 1913ರ ಪ್ರತಿ ಇದ್ದವರು ಅದೇ ಮೊದಲನೆಯದೆಂದು ನಂಬಿರುತ್ತಾರೆ. ಅದಕ್ಕೂ ಮೊದಲು, 1912ರಲ್ಲಿ, ಲಂಡನ್ನಿನ ಇಂಡಿಯಾ ಸೊಸೈಟಿ 750 ಪ್ರತಿ ಅಚ್ಚು ಹಾಕಿಸಿತ್ತು. ಅದರಲ್ಲಿ ಮಾರಾಟಕ್ಕೆ ಇಟ್ಟದ್ದು 250 ಮಾತ್ರ, ಉಳಿದವು ಸದಸ್ಯರಿಗೆ. ಇನ್ನು 1910ರ ಬಂಗಾಳಿ ‘ಗೀತಾಂಜಲಿ’ ಬೇರೆಯೇ ಪುಸ್ತಕ. ಇಂಗ್ಲಿಷಿನದು ಟಾಗೋರರ ಹಲವು ಸಂಕಲನಗಳಿಂದ ಆಯ್ದ 103 ಪದ್ಯಗಳ ಗುಚ್ಛ. 1913ರ ನವೆಂಬರಿನಲ್ಲಿ ನೊಬೆಲ್ ಘೋಷಣೆಯಾಗುವ ಹೊತ್ತಿಗೆ ಮ್ಯಾಕ್‌ಮಿಲನ್‌ನದು ಹಲವು ಸಲ ಮರುಮುದ್ರಣವಾಗಿತ್ತು. ಹಾಗಾಗಿ 1913 ಎಂಬ ಅಂಕಿಯನ್ನು ಕಂಡ ಮಾತ್ರಕ್ಕೆ ಅದು ಮ್ಯಾಕ್‌ಮಿಲನ್‌ನ ಮೊದಲನೆಯದು ಎಂದೂ ಹೇಳಲಾಗದು. ಶೀರ್ಷಿಕೆ ಪುಟದ ಹಿಂಬದಿಯ ಸಣ್ಣಕ್ಷರದ ಸಾಲುಗಳನ್ನು ತಿಂಗಳು ತಿಂಗಳಾಗಿ ಓದಬೇಕು.

ಇಷ್ಟೆಲ್ಲ ಗುರುತು ತಿಳಿದವರನ್ನೂ ದಶಕಗಟ್ಟಲೆ ಮೋಸಗೊಳಿಸಿದ ಕಥೆ ಇಂಗ್ಲೆಂಡಿನಲ್ಲಿದೆ, ಅದನ್ನು ವಿವರವಾಗಿ ಹೇಳಲೇಬೇಕು. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳ ಪ್ರೇಮ ಸಾನೆಟ್ಟುಗಳು ಪ್ರಕಟವಾದದ್ದು 1850ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಒಂದು ತೆಳ್ಳನೆಯ ಪುಸ್ತಿಕೆ ಪೇಟೆಗೆ ಬಂತು. ಅದೇ ಸಾನೆಟ್ಟುಗಳು, ಊರು ರೆಡಿಂಗ್, ವರ್ಷ 1847, ಪ್ರಕಟಣೆಗಲ್ಲ ಎಂಬ ಸೂಚನೆ ಬೇರೆ. ಗೆಳೆಯರಿಗೆಂದು ಗುಟ್ಟಾಗಿ ಅಚ್ಚು ಹಾಕಿಸಿದ್ದು ಎಂಬ ಸೊಗಸಾದ ಕಥೆಯೂ ಅದರ ಜೊತೆ ಬಂತು. ಸಂಗ್ರಾಹಕರು ಮುಗಿಬಿದ್ದು ಕೊಂಡರು. ಅದು ನಿಜವೆಂದು ಸಾರಿದವರಲ್ಲಿ ಮುಂಚೂಣಿಯಲ್ಲಿದ್ದವ ಥಾಮಸ್ ಜೆ. ವೈಸ್. ಅವನು ಬ್ರಿಟನ್ನಿನ ಬಿಬ್ಲಿಯೋಗ್ರಾಫಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದವ, ಆಕ್ಸ್‌ಫರ್ಡ್‌ನಿಂದ ಗೌರವ ಪದವಿ ಪಡೆದವ, ಯಾವ ಪುಸ್ತಕದ ಬಗ್ಗೆ ಸಂಶಯ ಬಂದರೂ ಎಲ್ಲರೂ ಮೊರೆಹೋಗುತ್ತಿದ್ದವ.

1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ತರುಣ ಪುಸ್ತಕ ವ್ಯಾಪಾರಿಗಳು ತಮ್ಮ ತನಿಖೆಯನ್ನು ಪುಸ್ತಕವಾಗಿ ಹೊರತಂದರು. ಅವರು ಸಾಹಿತ್ಯವನ್ನು ಬದಿಗಿಟ್ಟು ಕಾಗದವನ್ನು ಕೇಳಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಆ ಪುಸ್ತಿಕೆಯ ಕಾಗದದಲ್ಲಿ ರಾಸಾಯನಿಕವಾಗಿ ಬೇಯಿಸಿದ ಮರದ ತಿರುಳು ಕಂಡಿತು. 1847ರಲ್ಲಿ ಇಂಗ್ಲೆಂಡಿನ ಕಾಗದ ಚಿಂದಿಬಟ್ಟೆಯಿಂದ ಆಗುತ್ತಿತ್ತು. ಎಸ್ಪಾರ್ಟೊ ಹುಲ್ಲು ಕಾಗದದ ಗಿರಣಿಗೆ ಬಂದದ್ದು 1861ರ ಸುಮಾರಿಗೆ, ಮರದ ತಿರುಳು 1874ರ ಬಳಿಕ. ಆಮೇಲೆ ಅವರು ಅಕ್ಷರವನ್ನು ನೋಡಿದರು. ಅದರ ಸಣ್ಣ ‘ಎಫ್’ ಮತ್ತು ‘ಜೆ’ ಅಕ್ಷರಗಳ ಬಾಲ ಪಕ್ಕದ ಮೊಳೆಯ ಮೇಲೆ ಚಾಚದಂತೆ ಎರಕ ಹೊಯ್ದದ್ದು, ಆ ಬಗೆಯ ಮೊಳೆ ರಿಚರ್ಡ್ ಕ್ಲೇ ಅಚ್ಚುಕೂಟಕ್ಕೆ ಬಂದದ್ದು 1880ರ ನಂತರ. ಇದೇ ರೀತಿ ಸುಮಾರು ಐವತ್ತು ಪುಸ್ತಿಕೆಗಳ ಮೇಲೆ ಸಂಶಯ ಬಿತ್ತು. ವೈಸ್ 1937ರಲ್ಲಿ ತೀರಿಕೊಳ್ಳುವವರೆಗೂ ತಪ್ಪೊಪ್ಪಿಕೊಳ್ಳಲಿಲ್ಲ.

ಕಾಗದ, ಮೊಳೆಗಳಿಗೂ ಮುಂಚೆ ಅವರಿಬ್ಬರನ್ನು ಕಾಡಿದ ಸಂಗತಿ ಬೇರೆಯೇ ಇತ್ತು. ಸಿಕ್ಕ ಪ್ರತಿಗಳೆಲ್ಲ ಹೊಸದರಂತೆ ನಿರ್ಮಲವಾಗಿದ್ದವು. ಒಂದರ ಮೇಲೂ ಆ ಕಾಲದ ಸಹಿ ಇಲ್ಲ, ಗೆಳೆಯನಿಗೆ ಕೊಟ್ಟೆನೆಂಬ ಬರಹವಿಲ್ಲ, ಆ ಕಾಲದ ರಟ್ಟು ಕಟ್ಟಿಸಿದ ಗುರುತಿಲ್ಲ. ಗೆಳೆಯರಿಗೆ ಹಂಚಿದ ಪುಸ್ತಕವನ್ನು ಒಬ್ಬ ಗೆಳೆಯನೂ ಬಳಸಿರಲಿಲ್ಲ! ಮದುವೆಯ ಉಡುಗೊರೆಯೆಂದೋ ಬಹುಮಾನವೆಂದೋ ಶಾಯಿಯಲ್ಲಿ ಬರೆದು, ಕೆಳಗೆ ತಾರೀಖು ಹಾಕಿದ ಕನ್ನಡ ಪುಸ್ತಕಗಳು ಹಳೆಯ ಕಪಾಟುಗಳಲ್ಲಿ ಸಾಕಷ್ಟು ಸಿಗುತ್ತವೆ. ಅಂಗಡಿಯವರು ಕೆಲವೊಮ್ಮೆ ಆ ಹಾಳೆ ಹರಿದು ಪುಸ್ತಕವನ್ನು ‘ಕ್ಲೀನ್’ ಮಾಡಿ ಮಾರುತ್ತಾರೆ. ಪುಸ್ತಕದ ವಯಸ್ಸಿಗೆ ಸಾಕ್ಷಿ ಹೇಳುವ ಹಾಳೆಯೇ ಹೀಗೆ ಕಸಕ್ಕೆ ಹೋಗುತ್ತದೆ.

ಇನ್ನೊಂದು ಪ್ರಕರಣ ತೀರಾ ಈಚಿನದು. ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡದ್ದನ್ನು ಬರೆದ ‘ಸಿಡೆರಿಯಸ್ ನುನ್ಸಿಯಸ್’ 1610ರ ಮಾರ್ಚಿನಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು, 550 ಪ್ರತಿ. 2005ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಗಳ ಕೈಗೆ ಬಂದ ಒಂದು ಪ್ರತಿಯಲ್ಲಿ ಚಂದ್ರನ ಅಚ್ಚುಚಿತ್ರಗಳ ಜಾಗದಲ್ಲಿ ಜಲವರ್ಣದ ಚಂದ್ರರಿದ್ದರು. ಗೆಲಿಲಿಯೋ ಸ್ವತಃ ಬಿಡಿಸಿದ್ದೆಂದು ಜರ್ಮನಿಯ ವಿದ್ವಾಂಸರ ತಂಡ ಪರೀಕ್ಷಿಸಿ ನಂಬಿತು, ಗ್ರಂಥವನ್ನೂ ಬರೆಯಿತು. 2012ರಲ್ಲಿ ನಿಕ್ ವೈಲ್ಡಿಂಗ್ ಎಂಬ ಇತಿಹಾಸಕಾರ ಅದು ನಕಲಿಯೆಂದು ತೋರಿಸಿದಾಗ ತಂಡ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಉಬ್ಬು ಫಲಕ ಮಾಡಿಸಿ ಒತ್ತಿ ಅಚ್ಚು ಹಾಕಿದ್ದರಿಂದ ಬೆರಳಿಗೂ ಅದು ಅಸಲಿಯಂತೆಯೇ ಇತ್ತು. ಮಾಡಿಸಿದವ ಮರಿನೊ ಮಾಸಿಮೊ ಡಿ ಕಾರೊ, ನೇಪಲ್ಸ್‌ನ ಜಿರೊಲಾಮಿನಿ ಗ್ರಂಥಾಲಯದ ನಿರ್ದೇಶಕನಾಗಿದ್ದವ. ಕಾವಲಿಗೆ ನಿಂತ ಗ್ರಂಥಾಲಯದಿಂದಲೇ ಸಾವಿರಾರು ಪುಸ್ತಕ ಕದ್ದ ಆರೋಪದಲ್ಲಿ ಅದೇ ವರ್ಷ ಬಂಧನಕ್ಕೊಳಗಾಗಿ ಶಿಕ್ಷೆ ಅನುಭವಿಸಿದವನೂ ಅವನೇ. ಗ್ರಂಥಾಲಯದ ಮೊಹರಿರುವ ಹಳೆಯ ಪುಸ್ತಕ ಪೇಟೆಯಲ್ಲಿ ಸಿಕ್ಕರೆ, ವಿಲೇವಾರಿ ಮಾಡಿದ್ದಕ್ಕೆ ಇನ್ನೊಂದು ಮೊಹರಿದೆಯೇ ಎಂದು ನೋಡುವುದು ಕೊಳ್ಳುವವರ ಕರ್ತವ್ಯ.

ಕನ್ನಡದ ಪುಸ್ತಕಕ್ಕೆ ಪ್ರಯೋಗಾಲಯವೇ ಬೇಕೆಂದೇನಿಲ್ಲ. ವಯಸ್ಸು ಹೇಳುವ ಗುರುತುಗಳು ಎದುರಿಗೇ ಇವೆ, ಓದುವ ಅಭ್ಯಾಸ ತಪ್ಪಿದೆ ಅಷ್ಟೆ. ಬೆಲೆ ನೋಡಿ. ರೂಪಾಯಿ-ಆಣೆ-ಪೈಗಳಲ್ಲಿ, ನಡುವೆ ಗೆರೆ ಎಳೆದು ಅಚ್ಚಾದ ಬೆಲೆಯಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ‘ನ.ಪೈ.’ ಎಂದಿದ್ದರೆ 1957ರಿಂದ 1964ರ ನಡುವಿನದು, ಪೈಸೆಯ ಹಿಂದಿನ ‘ನಯಾ’ ಕಳಚಿದ್ದು 1964ರ ಜೂನ್ 1ಕ್ಕೆ. ವಿಳಾಸ ನೋಡಿ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದಾಗಿರಬೇಕು. ₹ ಚಿಹ್ನೆ 2010ರ ಮಗು. ‘ಮೈಸೂರು ಮಲ್ಲಿಗೆ’ 1942ರದ್ದು, ‘ಮಂಕುತಿಮ್ಮನ ಕಗ್ಗ’ 1943ರದ್ದು, ಎರಡೂ ಮಹಾಯುದ್ಧದ, ಕಾಗದದ ಅಭಾವದ ಕಾಲದ ಕೂಸುಗಳು. ಇವುಗಳ ಮೊದಲ ಮುದ್ರಣವೆಂದು ತೋರಿಸಿದ ಪ್ರತಿಯ ಹಿಂಬದಿಯಲ್ಲಿ ಪಿನ್ ಕೋಡ್ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಬೆಲೆಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿದ್ದರೆ ಮಾತ್ರ ಅವಸರ ಬೇಡ. ಹಳೆಯ ದಾಸ್ತಾನನ್ನು ಹೊಸ ಬೆಲೆಗೆ ಮಾರುವುದು ಪ್ರಕಾಶಕರ ಹಳೆಯ ರೂಢಿ, ಚೀಟಿಯ ಅಡಿಯಲ್ಲಿ ಆಣೆ ಅಡಗಿರಬಹುದು.

ಮನುಷ್ಯರಿಗಿಂತ ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿದೆ, ಪುಸ್ತಕದ ಹುಳು. ಕರಾವಳಿ, ಮಲೆನಾಡಿನ ತೇವದಲ್ಲಿ ಉಳಿದ ಪುಸ್ತಕದಲ್ಲಿ ಹುಳು ಕೊರೆದ ತೂತು ಇಲ್ಲದಿರುವುದೇ ವಿಶೇಷ. ಆ ತೂತು ಒಂದು ಹಾಳೆಯಿಂದ ಮುಂದಿನದಕ್ಕೆ ಅದೇ ಜಾಗದಲ್ಲಿ, ಗೆರೆಯಷ್ಟೇ ಸರಿಯುತ್ತ ಸಾಗುತ್ತದೆ. ರಟ್ಟಿನಲ್ಲಿ ತೂತಿದೆ, ಮುನ್ನುಡಿಯಲ್ಲಿ ತೂತಿದೆ, ನಡುವಿನ ಶೀರ್ಷಿಕೆ ಪುಟ ಮಾತ್ರ ಅಖಂಡವಾಗಿದೆ ಎಂದರೆ ಆ ಹಾಳೆ ಬೇರೆಲ್ಲಿಂದಲೋ ಬಂದು ಸೇರಿದ್ದು. ಶೀರ್ಷಿಕೆ ಪುಟವಿಲ್ಲದ ಅಸಲಿ ಪುಸ್ತಕಕ್ಕೆ ನಕಲಿ ಪುಟ ಅಂಟಿಸಿ ಬೆಲೆ ಏರಿಸುವವರು ಹುಳುವಿನ ದಾರಿಯನ್ನು ಸರಿಪಡಿಸುವಷ್ಟು ತಾಳ್ಮೆ ತೋರುವುದು ವಿರಳ. ನೀರಿನ ಕಲೆಯ ಅಂಚೂ ಹೀಗೆಯೇ ಹಾಳೆಯಿಂದ ಹಾಳೆಗೆ ಹರಿದಿರಬೇಕು.

ಈ ಸಾಕ್ಷಿಗಳನ್ನು ಅಳಿಸುವ ಕೆಲಸ ಇಂದು ಹೆಚ್ಚಾಗಿ ನಡೆಯುತ್ತಿರುವುದು ಕಳ್ಳರಿಂದಲ್ಲ ಎಂಬುದೇ ಸಂಕಟದ ವಿಷಯ. ಗ್ರಂಥಾಲಯಕ್ಕೆ ಬಂದ ಪುಸ್ತಕವನ್ನು ಬೈಂಡಿಂಗಿಗೆ ಕಳಿಸುತ್ತಾರೆ. ಬೈಂಡರ್ ಮುಖಪುಟ ಹರಿದೆಸೆದು, ಮೂರು ಅಂಚನ್ನೂ ಕಟಿಂಗ್ ಮೆಷಿನ್ನಿಗೆ ಕೊಟ್ಟು, ಕಂದು ಬಣ್ಣದ ರಟ್ಟು ಹಾಕಿ ಹಿಂತಿರುಗಿಸುತ್ತಾನೆ. ಮುಖಪುಟದ ಜೊತೆ ಕಲಾವಿದನ ಹೆಸರು ಹೋಯಿತು, ಹಿಂಬದಿಯಲ್ಲಿದ್ದ ಬೆಲೆ ಹೋಯಿತು, ಪ್ರಕಾಶಕರ ಇತರ ಪುಸ್ತಕಗಳ ಜಾಹೀರಾತೂ ಹೋಯಿತು. ಆ ಜಾಹೀರಾತಿನಲ್ಲಿ ಮುಂದಿನ ವರ್ಷ ಬಂದ ಪುಸ್ತಕದ ಹೆಸರಿದ್ದಿದ್ದರೆ, ಈ ಪ್ರತಿ ಮೊದಲ ಮುದ್ರಣದ್ದಲ್ಲ ಎಂದು ಅದೊಂದೇ ಹೇಳಿಬಿಡುತ್ತಿತ್ತು. ಅಮೆರಿಕದಲ್ಲಿ 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಮೊದಲ ಮುದ್ರಣಕ್ಕೆ ಹೊರಹೊದಿಕೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಅದರ ಸಣ್ಣದೊಂದು ಪಾಲು. ಸ್ಕ್ಯಾನ್ ಮಾಡಿದೆವಲ್ಲ ಎಂದು ಮೂಲವನ್ನು ರದ್ದಿಗೆ ಹಾಕುವವರೂ ಇದ್ದಾರೆ. ಸ್ಕ್ಯಾನಿನ ಹಿಂಬದಿಯನ್ನು ಬೆರಳಿನಿಂದ ಸವರಲಾಗುವುದಿಲ್ಲ.

ಪ್ರಕಾಶಕರ ಪಾಲಿನ ತಪ್ಪು ಇದಕ್ಕಿಂತ ದೊಡ್ಡದು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿಯ ಹಕ್ಕು ಸಾರ್ವಜನಿಕವಾಗುತ್ತದೆ. ಹಾಗೆ ಮುಕ್ತವಾದ ಹಳೆಯ ಕೃತಿಯನ್ನು ಹೊಸ ಪ್ರಕಾಶಕರು ತಂದಾಗ ಒಳಪುಟದಲ್ಲಿ ‘ಮೊದಲ ಮುದ್ರಣ’ ಎಂದು ಆ ವರ್ಷವನ್ನೇ ಹಾಕುವುದು ಸಾಮಾನ್ಯವಾಗಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಅಂಥ ಕೃತಿಯೊಂದರ ಒಳಪುಟದಲ್ಲಿ ನಮ್ಮ ಕಾಲದ ಇಸವಿಯನ್ನು ಮೊದಲ ಮುದ್ರಣವೆಂದು ಬರೆದರೆ, ಮುಂದಿನ ತಲೆಮಾರಿನ ವಿದ್ಯಾರ್ಥಿ ಅದನ್ನೇ ನಂಬಿ ಪ್ರಬಂಧ ಬರೆಯುತ್ತಾನೆ. ಕನ್ನಡ ಪುಸ್ತಕದ ಒಳಪುಟಕ್ಕೆ ಜಾಗದ ಕೊರತೆಯಿಲ್ಲ. ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಆಕಾರ ಡೆಮಿ 1/8, ಪುಟಗಳು ಇಷ್ಟು, ಪ್ರತಿಗಳು 1000 ಎಂದು ಎಷ್ಟೋ ಪುಸ್ತಕಗಳಲ್ಲಿ ಶ್ರದ್ಧೆಯಿಂದ ಅಚ್ಚಾಗಿರುತ್ತದೆ. ಇದು ಒಳ್ಳೆಯ ಅಭ್ಯಾಸ. ಅದೇ ಪುಟದಲ್ಲಿ ಇನ್ನೆರಡು ಸಾಲು ಬೇಕು. ಕೃತಿ ಮೊದಲು ಯಾವಾಗ, ಎಲ್ಲಿ, ಯಾರಿಂದ ಪ್ರಕಟವಾಯಿತು, ಈಗಿನ ಮುದ್ರಣಕ್ಕೆ ಯಾವ ಪ್ರತಿಯನ್ನು ಆಧಾರವಾಗಿ ಇಟ್ಟುಕೊಂಡರು, ಕಾಗುಣಿತವನ್ನೋ ಪಠ್ಯವನ್ನೋ ಬದಲಿಸಿದ್ದಾರೆಯೇ ಎಂದು ಆ ಎರಡು ಸಾಲು ಹೇಳಬೇಕು.

ಇದನ್ನು ಈಗ ಒತ್ತಿ ಕೇಳಲು ಕಾರಣವಿದೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆ, ಪ್ರತಿ ಪುಸ್ತಕದಲ್ಲೂ ಮುದ್ರಕರ ಹೆಸರು, ಮುದ್ರಣವಾದ ಊರು, ಪ್ರಕಾಶಕರ ಹೆಸರು ಅಚ್ಚಾಗಿರಲೇಬೇಕೆಂದು ವಿಧಿಸಿತ್ತು. ಪ್ರಾಂತಗಳು ಮೂರು ತಿಂಗಳಿಗೊಮ್ಮೆ ಪುಸ್ತಕಗಳ ಪಟ್ಟಿ ಹೊರಡಿಸುತ್ತಿದ್ದವು. ಪುಟ ಎಷ್ಟು, ಎಷ್ಟನೆಯ ಆವೃತ್ತಿ, ಎಷ್ಟು ಪ್ರತಿ, ಮೊಳೆಯಚ್ಚೋ ಕಲ್ಲಚ್ಚೋ, ಬೆಲೆ ಏನು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಆಳುವವರಿಗೆ ಬರಹದ ಮೇಲೆ ಕಣ್ಣಿಡುವ ಉದ್ದೇಶವಿತ್ತು, ನಿಜ. ಆದರೂ ಅಂದಿನ ಮಂಗಳೂರಿನ ಪುಸ್ತಕ ಹುಡುಕುವವರಿಗೆ ಮದರಾಸಿನ ಪಟ್ಟಿಗಳು, ಧಾರವಾಡದ ಪುಸ್ತಕ ಹುಡುಕುವವರಿಗೆ ಮುಂಬಯಿಯ ಪಟ್ಟಿಗಳು ಇಂದಿಗೂ ದಾರಿ ತೋರಿಸುತ್ತವೆ. ಆ ಕಾಯಿದೆಯ ಜಾಗಕ್ಕೆ ಬಂದ, 2024ರ ಮಾರ್ಚ್ 1ರಿಂದ ಜಾರಿಯಾದ ಹೊಸ ಕಾಯಿದೆ ನಿಯತಕಾಲಿಕೆಗಳಿಗೆ ಸಂಬಂಧಿಸಿದ್ದು. ಪುಸ್ತಕಗಳನ್ನು ಅದು ಕೈಬಿಟ್ಟಿದೆ. ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕೆಂಬ 1954ರ ಕಾಯಿದೆ ಉಳಿದಿದೆ. ಒಳಪುಟದಲ್ಲಿ ಏನು ಹೇಳಬೇಕು, ಎಷ್ಟು ನಿಜ ಹೇಳಬೇಕು ಎಂಬುದು ಇನ್ನು ಮುಂದೆ ಪ್ರಕಾಶಕರ ಆತ್ಮಸಾಕ್ಷಿಗೆ ಬಿಟ್ಟದ್ದು. ಸರ್ಕಾರದ ಸಗಟು ಖರೀದಿಗೆ ಪುಸ್ತಕ ಸಲ್ಲಿಸುವಾಗ ಮುದ್ರಣದ ಪೂರ್ತಿ ಇತಿಹಾಸ ಅಚ್ಚಾಗಿರಬೇಕೆಂಬ ಒಂದು ಷರತ್ತು ಹಾಕಿದರೂ ಈ ಕೆಲಸ ಅರ್ಧ ಆದಂತೆ. ಅದಕ್ಕೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಅಟ್ಟದಿಂದ ಇಳಿದ ಕಿಟ್ಟೆಲ್ ಇನ್ನೂ ಮೇಜಿನ ಮೇಲಿದೆ. ಹಿಂಬದಿ ಸವರಿ, ಹುಳುವಿನ ದಾರಿ ನೋಡಿ, ಅದು 1894ರದ್ದೇ ಎಂದು ತೋರಿದರೂ ಮನೆಯವರು ಅದನ್ನು ಕೂಡಲೇ ಹೊಸ ಬೈಂಡಿಂಗಿಗೆ ಕೊಡಬಾರದು. ಬೆನ್ನು ಕಳಚಿದ್ದರೆ ಅಂಟುಪಟ್ಟಿ ಹಚ್ಚದೆ ಅಗಲವಾದ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ, ಗೋಡೆಗೆ ತಾಗದಂತೆ ಒಣ ಜಾಗದಲ್ಲಿ ಮಲಗಿಸಿಡಬೇಕು. ಅಜ್ಜನ ಸಹಿ ಇರುವ ಹಾಳೆ ಇದ್ದಲ್ಲೇ ಇರಲಿ. ಯಾವ ಊರಿನ, ಯಾರ ಮನೆಯ ಅಟ್ಟದಿಂದ, ಯಾವ ವರ್ಷ ಇಳಿಸಿದ್ದೆಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಬೇಕು. ಪೆನ್ಸಿಲಿನಲ್ಲೇ ಬರೆಯಬೇಕು, ಬಾಲ್‌ಪೆನ್ನಿನ ಶಾಯಿ ಪಕ್ಕದ ಹಾಳೆಗೆ ಹತ್ತುತ್ತದೆ.